ಸಂಜೆ ನಾಲ್ಕರ ಮೇಲೆ

ಕೊಕ್ಕಡದ ಆಸುಪಾಸಿನ ಒಳದಾರಿಗಳಲ್ಲಿ ಬೆಳಗಿನ ಮೊದಲ ಸದ್ದು ಹಾಲಿನ ಕ್ಯಾನುಗಳದ್ದು. ಆಮೇಲೆ ರಬ್ಬರ್ ಟ್ಯಾಪಿಂಗ್ ಮುಗಿಸಿದವರ ಬೈಕು, ಶಾಲೆಯ ಮಕ್ಕಳನ್ನು ತುಂಬಿಕೊಂಡ ಜೀಪು. ಇವೆಲ್ಲ ಹೋಗಿ ದಾರಿ ಖಾಲಿಯಾದ ಮೇಲೆ, ಬಿಸಿಲು ಅಡಿಕೆ ಮರಗಳ ತಲೆ ದಾಟಿ ಅಂಗಳಕ್ಕಿಳಿಯುವ ಹೊತ್ತಿಗೆ, ಒಂದು ವ್ಯಾನು ಬರುತ್ತದೆ. ಉಳಿದ ಗಾಡಿಗಳ ಹಾಗೆ ಹಾರ್ನ್ ಹಾಕಿ ಅರ್ಧ ನಿಮಿಷ ಕಾದು ಹೊರಡುವ ಗಾಡಿಯಲ್ಲ ಅದು. ನಿಂತರೆ ನಿಂತೇ ಇರುತ್ತದೆ. ಡಾಂಬರು ರಸ್ತೆಯಿಂದ ಕೆಳಕ್ಕೆ ಮುರಕಲ್ಲಿನ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ತೋಟ, ತೋಟದ ತೋಡಿಗೆ ಅಡಿಕೆ ಮರದ ಸಂಕ, ಸಂಕದಾಚೆ ಮನೆ. ಅಲ್ಲಿಂದ ಅಮ್ಮ ಮಗನನ್ನು ಎತ್ತಿಕೊಂಡು ಮೇಲೆ ಬರಬೇಕು. ಮಗನಿಗೆ ಮೀಸೆ ಬಂದಿದೆ. ಅವನ ಕಾಲುಗಳು ಅಮ್ಮನ ಮೊಣಕಾಲ ಕೆಳಗೆ ಜೋಲಾಡುತ್ತವೆ.

ಆಯಾ ಇಳಿದು ಒಂದು ಕಡೆಯಿಂದ ಹಿಡಿಯುತ್ತಾಳೆ, ಡ್ರೈವರ್ ಇನ್ನೊಂದು ಕಡೆಯಿಂದ. ಕಿಟಕಿಯ ಪಕ್ಕದ ಸೀಟು ಅವನದ್ದೇ. ಅದರಲ್ಲಿ ಬೇರೆಯವರು ಕೂತರೆ ಅವನಿಗೆ ಅಂದು ಇಡೀ ದಿನ ಕೆಟ್ಟಂತೆ. ಅದು ವ್ಯಾನಿನಲ್ಲಿರುವ ಎಲ್ಲರಿಗೂ ಗೊತ್ತು. ಮುಂದಿನ ಮನೆಯಲ್ಲಿ ಹತ್ತುವ ಹುಡುಗಿಗೆ ಚಪ್ಪಲಿ ತಾನೇ ಹಾಕಿಕೊಳ್ಳಬೇಕೆಂಬ ಹಟ. ಎಡಬಲ ಸರಿಯಾಗುವವರೆಗೂ ವ್ಯಾನು ಕಾಯುತ್ತದೆ. ಅದಕ್ಕೂ ಮುಂದಿನ ಮನೆಯ ಹುಡುಗ ಗೇಟಿನಲ್ಲಿ ಆಗಲೇ ನಿಂತು ಎರಡೂ ಕೈ ಬೀಸುತ್ತಿದ್ದಾನೆ. ಭಾನುವಾರವೂ ಹೀಗೇ ಬಂದು ನಿಲ್ಲುತ್ತಾನೆ, ಬಾರದ ಗಾಡಿಗಾಗಿ.

ಈ ವ್ಯಾನು ಹೋಗುವುದು ಎಂಡೋಸಲ್ಫಾನ್ ಪೀಡಿತರ ಪಾಲನಾ ಕೇಂದ್ರಕ್ಕೆ. ದಕ್ಷಿಣ ಕನ್ನಡದಲ್ಲಿ ಕೊಕ್ಕಡ, ಕೊಯಿಲ ಮೊದಲಾದ ಕಡೆ ಇಂಥ ಡೇ ಕೇರ್‌ಗಳಿವೆ. ಅವು ಏಕೆ ಬೇಕಾದವು ಎಂಬುದನ್ನು ತಿಳಿಯಲು ದಾರಿಯ ಎಡಬಲದ ಗುಡ್ಡಗಳನ್ನು ನೋಡಬೇಕು. ಅಲ್ಲಿರುವುದು ಗೇರು ತೋಟ. ಗೇರು ಹೂ ಬಿಡುವ ಚಳಿಗಾಲದಲ್ಲಿ ಟೀ ಸೊಳ್ಳೆ ಎಂಬ ಕೀಟ ಚಿಗುರಿನ, ಹೂಗೊಂಚಲಿನ ರಸ ಹೀರಿ ಒಣಗಿಸಿಬಿಡುತ್ತದೆ. ಅದನ್ನು ಕೊಲ್ಲಲು ಗೇರು ಅಭಿವೃದ್ಧಿ ನಿಗಮ ಇಲ್ಲಿಯೂ, ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ ಗಡಿಯಾಚೆ ಕಾಸರಗೋಡಿನಲ್ಲಿಯೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದವು. ಒಂದೆರಡು ವರ್ಷವಲ್ಲ, ಸುಮಾರು ಎರಡು ದಶಕ, 2000ದವರೆಗೂ. ಗೇರು ಇದ್ದದ್ದು ಗುಡ್ಡದ ನೆತ್ತಿಯಲ್ಲಿ; ಮನೆ, ಬಾವಿ, ಕೆರೆ, ನೀರಿನ ಸುರಂಗ ಎಲ್ಲ ಇದ್ದದ್ದು ಬುಡದಲ್ಲಿ. ಮೇಲೆ ಬಿದ್ದದ್ದು ಮಳೆಯ ಜೊತೆ ಕೆಳಗಿಳಿಯಿತು. ಹೆಲಿಕಾಪ್ಟರಿನ ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆಯೆತ್ತಿ ನೋಡುತ್ತಿದ್ದರು.

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಕನ್ನಡ, ತುಳು ಮಾತಾಡುವ ಊರು. ಅಲ್ಲಿ ಹುಟ್ಟಿದ ಕರುಗಳ ಊನವನ್ನು ಕೃಷಿಕ ಪತ್ರಕರ್ತ ಶ್ರೀಪಡ್ರೆ ಬರೆದು ತಿಳಿಸಿದರು. ಒಂದೇ ಊರಿನ ಮನೆಮನೆಯಲ್ಲಿ ಮೂರ್ಛೆರೋಗ, ಬುದ್ಧಿಮಾಂದ್ಯ, ಅಂಗವೈಕಲ್ಯ, ಕ್ಯಾನ್ಸರ್ ಕಾಣುತ್ತಿರುವುದನ್ನು ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಗುರುತಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ಸಿಂಪಡಣೆ ಇಲ್ಲದ ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿದಾಗ, ನರಸಂಬಂಧಿ ಮತ್ತು ಹುಟ್ಟಿನಿಂದಲೇ ಬಂದ ತೊಂದರೆಗಳು ಪಡ್ರೆಯಲ್ಲೇ ಹೆಚ್ಚಾಗಿ ಕಂಡವು. ಇತ್ತ ಕೊಕ್ಕಡದಲ್ಲಿ, ಸ್ವತಃ ದೃಷ್ಟಿ ಕಳೆದುಕೊಂಡ ಶ್ರೀಧರ ಗೌಡರು ಪೀಡಿತರನ್ನು ಒಟ್ಟುಗೂಡಿಸಿ ವರ್ಷಗಟ್ಟಲೆ ಹೋರಾಡಿದರು. 2011ರ ಏಪ್ರಿಲ್‌ನಲ್ಲಿ, ವಿಷಕಾರಿ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಡಂಬಡಿಕೆ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ಹಾಕಿತು. ಗುಡ್ಡದ ಮೇಲಿನ ಸದ್ದು ಅದಕ್ಕೂ ಹತ್ತು ವರ್ಷ ಮೊದಲೇ ನಿಂತಿತ್ತು. ಅಂಗಳದಲ್ಲಿ ನಿಂತು ನೋಡಿದ ಹೆಣ್ಣುಮಕ್ಕಳು ಅಷ್ಟರಲ್ಲಿ ತಾಯಂದಿರಾಗಿದ್ದರು.

ಕೇಂದ್ರದ ಹೊಸ್ತಿಲು ದಾಟಿದ ಮೇಲೆ ಈ ಚರಿತ್ರೆಯನ್ನು ಯಾರೂ ಎತ್ತುವುದಿಲ್ಲ. ಅಲ್ಲಿ ಬೇರೆಯೇ ಕೆಲಸವಿದೆ. ಮೊದಲು ಹಾಜರಿ. ಹೆಸರು ಕರೆದರೆ ಒಬ್ಬ ‘ಹಾಂ’ ಅನ್ನುತ್ತಾನೆ, ಒಬ್ಬಳು ಕೈ ಎತ್ತುತ್ತಾಳೆ, ಇನ್ನೊಬ್ಬ ಕಣ್ಣು ಮಾತ್ರ ಮಿಟುಕಿಸುತ್ತಾನೆ. ಮೂರೂ ಹಾಜರಿಯೇ. ಆಮೇಲೆ ಒಂದು ಮೂಲೆಯಲ್ಲಿ ಫಿಸಿಯೋಥೆರಪಿಯ ಚಾಪೆ ಬಿಚ್ಚಿಕೊಳ್ಳುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಹೆಚ್ಚಿನವರ ಸ್ನಾಯುಗಳು ಸೆಟೆದುಕೊಂಡಿರುತ್ತವೆ. ದಿನವೂ ಬಿಡಿಸದಿದ್ದರೆ ಮೊಣಕಾಲು ಮಡಚಿದಲ್ಲೇ ನಿಂತುಬಿಡುತ್ತದೆ, ಒರಗಿದಲ್ಲೇ ಮೈ ಹುಣ್ಣಾಗುತ್ತದೆ. ಮಳೆಗಾಲದ ರಜೆ ಮುಗಿಸಿ ಬಂದವರ ಕೀಲುಗಳನ್ನು ಮತ್ತೆ ಮೊದಲಿಂದ ಒಲಿಸಿಕೊಳ್ಳಬೇಕು.

ಇನ್ನೊಂದು ಮೂಲೆಯಲ್ಲಿ ಅಂಗಿಯ ಗುಂಡಿಯ ಪಾಠ. ವಿಶೇಷ ಶಿಕ್ಷಕಿ ಐದು ಗುಂಡಿಗಳಲ್ಲಿ ನಾಲ್ಕನ್ನು ತಾನೇ ಹಾಕಿ ಕೊನೆಯದನ್ನು ಕಲಿಯುವವನಿಗೆ ಬಿಡುತ್ತಾಳೆ. ಅದು ಕೂಡಿತೆಂದರೆ ಅಂಗಿ ಹಾಕಿಕೊಂಡ ಕೆಲಸ ಮುಗಿಸಿದವನು ಅವನೇ. ಕೆಲವು ವಾರಗಳ ಮೇಲೆ ಕೊನೆಯ ಎರಡು, ಮತ್ತೆ ಕೆಲವು ತಿಂಗಳಿಗೆ ಮೂರು. ಸ್ನಾನ, ಹಲ್ಲುಜ್ಜುವುದು, ತಟ್ಟೆ ತೊಳೆಯುವುದು ಎಲ್ಲವನ್ನೂ ಹೀಗೆ ತುಂಡು ತುಂಡು ಮಾಡಿ ಕೊನೆಯ ತುಂಡಿನಿಂದ ಕಲಿಸುತ್ತಾರೆ. ಮೇಜಿನ ಸುತ್ತ ಕೂತವರು ಹಳೆಯ ಪೇಪರಿನಿಂದ ಕವರು ಮಾಡುತ್ತಾರೆ. ಮಡಚುವವರು, ಗೋಂದು ಹಚ್ಚುವವರು, ಅಂಟಿಸಿದ್ದನ್ನು ಒತ್ತಿ ಹಿಡಿಯುವವರು, ಎಣಿಸಿ ಕಟ್ಟುವವರು ಎಲ್ಲರೂ ಬೇರೆ ಬೇರೆ. ಒತ್ತಿ ಹಿಡಿಯುವುದಷ್ಟೇ ಬರುವವನಿಗೂ ಆ ಸಾಲಿನಲ್ಲಿ ಜಾಗವಿದೆ. ಅವನು ಬಾರದ ದಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ, ‘ಅವನೆಲ್ಲಿ?’ ಎಂದು ಮೇಜು ಕೇಳುತ್ತದೆ.

ಮಧ್ಯಾಹ್ನದ ಊಟ ಇಡೀ ದಿನದ ಅತಿ ಎಚ್ಚರದ ಹೊತ್ತು. ನುಂಗಲು ಕಷ್ಟವಿರುವವರನ್ನು ಮಲಗಿಸಿ ತಿನ್ನಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿಯಬಹುದು. ಅದರಿಂದಲೇ ಎಷ್ಟೋ ಮಕ್ಕಳಿಗೆ ಮತ್ತೆ ಮತ್ತೆ ನ್ಯುಮೋನಿಯಾ. ಹಾಗಾಗಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಗಂಜಿಯನ್ನು ಗಟ್ಟಿಯಾಗಿ ಕಿವುಚಿ, ಚಿಕ್ಕ ಚಮಚದಲ್ಲಿ ಕೊಡಬೇಕು. ಹಿಂದಿನದು ಒಳಗಿಳಿಯಿತೆಂದು ಗಂಟಲು ನೋಡಿ ಖಾತ್ರಿ ಮಾಡಿಕೊಂಡೇ ಮುಂದಿನ ಚಮಚ. ಒಬ್ಬನ ಊಟಕ್ಕೆ ಮುಕ್ಕಾಲು ಗಂಟೆ. ಊಟದ ನಡುವೆ ಯಾರಿಗಾದರೂ ಫಿಟ್ಸ್ ಬಂದರೆ ಗಡಿಬಿಡಿ ಇಲ್ಲ. ಕೈಗೆ ಬೀಗದ ಕೈ ಕೊಡುವವರಿಲ್ಲ, ಮೂಗಿಗೆ ಈರುಳ್ಳಿ ಹಿಡಿಯುವವರಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡುತ್ತಾರೆ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಈ ಆಯಾಗಳು ಹೆಚ್ಚಿನವರು ಅದೇ ಊರಿನ ಹೆಂಗಸರು. ಯಾರಿಗೆ ಫಿಟ್ಸಿಗೆ ಮೊದಲು ಬಾಯಿ ಒಂದು ಕಡೆ ಎಳೆಯುತ್ತದೆ, ಯಾರು ಹೊಟ್ಟೆ ನೋವಾದರೆ ಅಳದೆ ಕಿವಿ ಎಳೆದುಕೊಳ್ಳುತ್ತಾರೆ ಎಂಬುದು ಅವರಿಗೆ ಕಾಗದದಲ್ಲಿ ಓದಿ ಬಂದ ಜ್ಞಾನವಲ್ಲ.

ಇತ್ತ ಮನೆಯಲ್ಲಿ ಆ ಅಮ್ಮನಿಗೆ ಆರು ಗಂಟೆಗಳ ಬಿಡುವು ಸಿಕ್ಕಿದೆ. ಬಿಡುವಿನಲ್ಲಿ ಅವಳು ಬೀಡಿ ಕಟ್ಟುತ್ತಾಳೆ, ಅಡಿಕೆ ಸುಲಿಯಲು ಹೋಗುತ್ತಾಳೆ, ಪಡಿತರದ ಸಾಲಿನಲ್ಲಿ ನಿಲ್ಲುತ್ತಾಳೆ, ರಾತ್ರಿ ಬಾಕಿಯಾದ ನಿದ್ದೆಯನ್ನು ಒಂದಿಷ್ಟು ತೀರಿಸುತ್ತಾಳೆ. ಹಿಂದೆ ಮದುವೆ ಮನೆಗೂ ಹೋಗದವಳು ಈಗ ಸೌತಡ್ಕದವರೆಗೆ ಹೋಗಿ, ಅಲ್ಲಿಯ ಸೂರಿಲ್ಲದ ಗಣಪತಿಯ ಮುಂದೆ ಕೈ ಮುಗಿದು, ವ್ಯಾನು ತಿರುಗಿ ಬರುವ ಮೊದಲು ಮನೆ ಸೇರುತ್ತಾಳೆ. ಸರ್ಕಾರ ಅಂಗವೈಕಲ್ಯದ ಪ್ರಮಾಣ ನೋಡಿ ತಿಂಗಳಿಗೆ ಕೊಡುವ ಮಾಸಾಶನ ಔಷಧಿಗೆ, ಡೈಪರಿಗೆ ಆಗುತ್ತದೆ. ಈ ಆರು ಗಂಟೆಯನ್ನು ಆ ಹಣದಿಂದ ಕೊಳ್ಳಲು ಬರುವುದಿಲ್ಲ.

ಸಂಜೆ ನಾಲ್ಕಕ್ಕೆ ವ್ಯಾನು ಮತ್ತೆ ಮೆಟ್ಟಿಲ ತುದಿಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಹತ್ತಿದ ಮೆಟ್ಟಿಲುಗಳನ್ನು ಇಳಿಯುವುದು ಇನ್ನೂ ಕಷ್ಟ. ಸಂಕದ ಮೇಲೆ ಕಾಲು ಜಾರಿದರೆ ಇಬ್ಬರೂ ತೋಡಿಗೆ. ಸಿಂಪಡಣೆಯ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತು. ಅವರನ್ನು ಎತ್ತುವ ತಾಯಂದಿರು ಅರವತ್ತರ ಆಚೀಚೆ. ಸೊಂಟ ಹಿಡಿದಿದೆ, ಮೊಣಕಾಲು ಸವೆದಿದೆ. ಕತ್ತಲಾದ ಮೇಲೆ ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು. ಬೆಳೆದ ಮಗಳ ಮುಟ್ಟಿನ ದಿನಗಳನ್ನು ಅಮ್ಮನೇ ನೋಡಬೇಕು. ಅಣ್ಣ ಬೆಂಗಳೂರಿನಲ್ಲಿ, ಅಕ್ಕ ಗಂಡನ ಮನೆಯಲ್ಲಿ. ಇಂಥ ಮನೆಗಳಲ್ಲಿ ಮಾತು ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಯಲ್ಲಿ: ನಮ್ಮ ಕಾಲದ ಮೇಲೆ ಇವನಿಗೆ ಯಾರು? ಕೆಲವು ತಾಯಂದಿರು, ನನಗಿಂತ ಒಂದು ದಿನ ಮೊದಲು ಇವನು ಹೋಗಲಿ ಎಂದು ಬೇಡಿಕೊಳ್ಳುತ್ತಾರೆ. ಹೆತ್ತವಳ ಬಾಯಲ್ಲಿ ಈ ಮಾತು ಬರುವ ಹಾಗೆ ಮಾಡಿದ್ದು ಮಗನ ಅಂಗವೈಕಲ್ಯವಲ್ಲ. ಅವನಿಗೆ ಇನ್ನೊಂದು ನೆಲೆ ಇಲ್ಲದಿರುವುದು.

ಕಾನೂನು ಈ ಪ್ರಶ್ನೆಯನ್ನು ಕೇಳಿಸಿಕೊಂಡಿಲ್ಲವೆಂದಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಅದರ ಅಡಿಯಲ್ಲಿ ಜಿಲ್ಲಾಧಿಕಾರಿಯಿರುವ ಸ್ಥಳೀಯ ಸಮಿತಿ ಹದಿನೆಂಟು ದಾಟಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ನ್ಯಾಸದ ‘ನಿರಾಮಯ’ ಯೋಜನೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ. ‘ವಿಕಾಸ್’ ಹಗಲಿನ ಆರೈಕೆಗೆ, ‘ಸಮರ್ಥ್’ ತಂದೆತಾಯಿಗೆ ಬಿಡುವು ಬೇಕಾದಾಗ ಕೆಲದಿನ ಉಳಿಸಿಕೊಳ್ಳಲು, ‘ಘರೌಂದಾ’ ವಯಸ್ಕರಿಗೆ ಬಾಳಿನುದ್ದಕ್ಕೂ ಇರಬಹುದಾದ ಗುಂಪುಮನೆಗೆ ಎಂದು ರೂಪಿಸಿದ ಯೋಜನೆಗಳು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದರ 19ನೇ ವಿಧಿಯೂ ನಮ್ಮ 2016ರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ನೂ ಹೇಳುವುದು, ಅಂಗವಿಕಲರಿಗೆ ಸಮುದಾಯದ ನಡುವೆ ಬಾಳುವ ಹಕ್ಕಿದೆ ಎಂದು.

ಸಮುದಾಯದ ನಡುವೆ ಎಂಬುದನ್ನು ನಾನು ಬಹಳ ನೇರವಾಗಿ ಅರ್ಥಮಾಡಿಕೊಳ್ಳುತ್ತೇನೆ: ಅದೇ ಊರಿನಲ್ಲಿ. ಮಾತು ಬಾರದವನ ಚರಿತ್ರೆಯನ್ನು ಅವನು ಹೇಳಲಾರ. ಅದು ಅವನ ಸುತ್ತಲಿನವರಲ್ಲಿ ಉಳಿದಿರುತ್ತದೆ. ಅಂಗಡಿಯವನಿಗೆ ಅವನು ಯಾವ ಬಿಸ್ಕತ್ತಿಗೆ ಕೈ ಚಾಚುತ್ತಾನೆಂದು ಗೊತ್ತು. ಪಕ್ಕದ ಮನೆಯವರಿಗೆ ಅವನು ಗುಡುಗಿಗೆ ಹೆದರುತ್ತಾನೆಂದು ಗೊತ್ತು. ಡ್ರೈವರಿಗೆ ಅವನ ಕಿಟಕಿ ಗೊತ್ತು. ತಾಯಿ ತೀರಿಕೊಂಡ ವಾರದಲ್ಲಿ ಅವನನ್ನು ಗಾಡಿ ಹತ್ತಿಸಿ, ದೂರದ ಪಟ್ಟಣದ ದೊಡ್ಡ ಕಟ್ಟಡದಲ್ಲಿ ಸಾಲು ಮಂಚಗಳ ನಡುವೆ ಬಿಟ್ಟರೆ, ಅಮ್ಮನ ಜೊತೆಗೆ ತನ್ನನ್ನು ಬಲ್ಲ ಅಷ್ಟೂ ಜನರನ್ನು ಅವನು ಒಂದೇ ದಿನ ಕಳೆದುಕೊಳ್ಳುತ್ತಾನೆ. ಹೊಟ್ಟೆ ನೋವಿಗೆ ಕಿವಿ ಎಳೆದುಕೊಂಡರೆ ಅಲ್ಲಿ ಕಿವಿಗೆ ಔಷಧಿ ಹಾಕುತ್ತಾರೆ.

ಊರಲ್ಲೇ ಉಳಿಸಿಕೊಳ್ಳುವ ಸಣ್ಣ ಮನೆಗಳು ನಮಗೆ ಹೊಸತಲ್ಲ. ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ಮನೆಯವರಾಗಿ ಬಾಳುವ ‘ಆಶಾ ನಿಕೇತನ’ ಬೆಂಗಳೂರಿನಲ್ಲಿ 1970ರಲ್ಲೇ ಶುರುವಾಯಿತು. ಗಡಿಯಾಚೆಯ ಕೇರಳದಲ್ಲಿ 2004ರಿಂದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀಯ ಬೆಂಬಲದಲ್ಲಿ ಇಂಥ ಮಕ್ಕಳಿಗೆ ‘ಬಡ್ಸ್’ ಶಾಲೆಗಳನ್ನು, ದೊಡ್ಡವರಿಗೆ ಪುನರ್ವಸತಿ ಕೇಂದ್ರಗಳನ್ನು ಸ್ಥಳೀಯ ಸಂಸ್ಥೆಗಳೇ ನಡೆಸುತ್ತಿವೆ. ರಸ್ತೆ, ನೀರು, ಬೀದಿದೀಪದ ಜೊತೆಗೆ ಇದೂ ಪಂಚಾಯತಿನ ಲೆಕ್ಕದೊಳಗೆ ಬರುತ್ತದೆ. ವಾರ್ಡಿನ ಸದಸ್ಯೆಯನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ‘ಆಯಾ ಯಾಕೆ ಬಂದಿಲ್ಲ?’ ಎಂದು ಕೇಳಬಹುದು.

ಕೊಕ್ಕಡದ ಹೋರಾಟಗಾರರು ಶಾಶ್ವತ ಪುನರ್ವಸತಿ ಕೇಂದ್ರಕ್ಕಾಗಿ ಬಹುಕಾಲದಿಂದ ಒತ್ತಾಯಿಸುತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಅದು ನೂರಾರು ಮಂಚಗಳ ಒಂದು ಕಟ್ಟಡವಾಗದೆ, ಪ್ರತಿ ಪಾಲನಾ ಕೇಂದ್ರದ ಮಗ್ಗುಲಿಗೆ ಆರೇಳು ಜನರ ಒಂದು ಮನೆಯಾಗಿ ಬರಲಿ. ಹಗಲು ನೋಡಿಕೊಳ್ಳುವವರ ಜೊತೆಗೆ ರಾತ್ರಿಗೆ ಇಬ್ಬರನ್ನು ನೇಮಿಸಿದರೆ ಅದು ನಡೆಯುತ್ತದೆ. ಕೆಲಸ ಬಲ್ಲ ಹೆಂಗಸರು ಊರಿನಲ್ಲೇ ಇದ್ದಾರೆ. ಅವರಿಗೆ ಬದುಕಲು ಸಾಲುವ ಸಂಬಳ, ತಿಂಗಳ ಮೊದಲ ವಾರವೇ, ಸಿಗಬೇಕು. ಮತ್ತು ಆ ಮನೆ ತಾಯಿ ಇರುವಾಗಲೇ ತೆರೆಯಬೇಕು. ಅವಳ ಕಣ್ಣಿನ ಆಪರೇಷನ್‌ಗೆ ಮೂರು ದಿನ, ಮಗಳ ಬಾಣಂತನಕ್ಕೆ ಒಂದು ವಾರ ಮಗ ಅಲ್ಲಿ ಉಳಿದು ಬರಲಿ. ತನ್ನ ಮಂಚ, ತನ್ನ ತಟ್ಟೆ, ರಾತ್ರಿ ದೀಪ ಆರಿಸುವವರ ದನಿ ಅವನಿಗೆ ರೂಢಿಯಾಗಲಿ. ಅವನು ಅಲ್ಲಿ ನಿದ್ದೆ ಮಾಡಿದ್ದನ್ನು ಅವಳು ಕಣ್ಣಾರೆ ನೋಡಲಿ.

ಇದಕ್ಕೆ ಇನ್ನು ಹೆಚ್ಚು ಕಾಲವಿಲ್ಲ. ಈ ತಾಯಂದಿರ ವಯಸ್ಸೇ ಗಡುವನ್ನು ಹೇಳುತ್ತಿದೆ: ಹತ್ತು ವರ್ಷ, ಹೆಚ್ಚೆಂದರೆ ಹದಿನೈದು. ಗುಡ್ಡದ ಮೇಲೆ ವಿಷ ಸುರಿಸುವಾಗ ಯಾರೂ ಇವರ ಒಪ್ಪಿಗೆ ಕೇಳಲಿಲ್ಲ. ಅದನ್ನು ಸುರಿಸಿದ್ದು ಸರ್ಕಾರದ್ದೇ ನಿಗಮ. ಆದ್ದರಿಂದ ಈ ಮನೆಗಳಿಗೆ ಜಾಗ ಗುರುತಿಸಿ, ಹಣ ಕೊಟ್ಟು, ರಾತ್ರಿಯ ಆರೈಕೆಗೆ ಜನ ನೇಮಿಸುವ ಹೊಣೆಯೂ ಸರ್ಕಾರದ್ದೇ. ನಮ್ಮ ಹೊಣೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಈ ವರ್ಷವೇ ಕೇಳುವುದು.