ಊರು ಬಿಟ್ಟು ಬಂದ ಮಕ್ಕಳಿಗೆ ಪ್ರೌಢಶಾಲೆ

ಗೃಹಸ್ಥನೊಬ್ಬನಿಗೆ ಬೇರೆ ಊರಿಗೆ ವರ್ಗವಾದರೆ ಮನೆಯ ಸಾಮಾನೆಲ್ಲ ಲಾರಿಯಲ್ಲಿ ಹೋಗುತ್ತದೆ. ಮಂಚ, ಬೀರು, ರುಬ್ಬುವ ಯಂತ್ರ, ತುಳಸಿಯ ಕುಂಡ ಎಲ್ಲವೂ ಹೋಗುತ್ತವೆ. ಆದರೆ ಒಂಬತ್ತನೆಯ ತರಗತಿಯಲ್ಲಿ ಅರ್ಧ ಓದಿ ಬಿಟ್ಟ ಪಾಠವನ್ನು ಲಾರಿಗೆ ಏರಿಸಲು ಬರುವುದಿಲ್ಲ. ಐದು ವರ್ಷದ ಕೂಸನ್ನು ಯಾವ ಶಾಲೆಗೆ ಸೇರಿಸಿದರೂ ಮೂರು ತಿಂಗಳು ಅತ್ತು, ನಾಲ್ಕನೆಯ ತಿಂಗಳು ಅದು ಅಲ್ಲಿಯದೇ ಆಗಿಬಿಡುತ್ತದೆ. ಹದಿಮೂರರಿಂದ ಹದಿನೇಳರವರೆಗಿನ ವಯಸ್ಸು ಹಾಗಲ್ಲ. ಗೆಳೆತನ ಬೇರುಬಿಡುವ ಕಾಲವೂ ಅದೇ, ಮುಂದಿನ ವ್ಯಾಸಂಗದ ಬಾಗಿಲುಗಳು ಒಂದೊಂದಾಗಿ ತೆರೆಯುವ ಅಥವಾ ಮುಚ್ಚುವ ಕಾಲವೂ ಅದೇ. ಬೆಂಗಳೂರಿನಂಥ ಮಹಾನಗರಕ್ಕೆ ಬಂದಿಳಿಯುವ ಸಂಸಾರ ಈ ವಯಸ್ಸಿನ ಮಗುವಿಗೆ ಶಾಲೆಯನ್ನು ಆರಿಸುವುದು ಹೇಗೆ ಎಂಬುದು ಇಂದಿನ ಭಾಷಣದ ವಿಷಯ.

ವಲಸೆ ಬಂದವರ ಮಕ್ಕಳಿಗೆ ಶಾಲೆ ಹುಡುಕುವ ಕಷ್ಟ ಬೆಂಗಳೂರಿಗೆ ಹೊಸದೇನೂ ಅಲ್ಲ. 1809ರಲ್ಲಿ ಇಲ್ಲಿ ದಂಡುಪ್ರದೇಶ ಏರ್ಪಟ್ಟಿತು. ಬಿಷಪ್ ಕಾಟನ್ ಶಾಲೆ 1865ರದು. ಅನಂತರ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1954ರಲ್ಲಿ ಬಿ.ಇ.ಎಲ್. ಬಂದವು, ದೇಶದ ನಾನಾ ಮೂಲೆಗಳ ನೌಕರರು ಬಂದರು, ಕಾರ್ಖಾನೆಯ ಬಡಾವಣೆಗಳಲ್ಲೇ ಶಾಲೆಗಳು ಎದ್ದವು. ಕೇಂದ್ರ ಸರ್ಕಾರದ ವರ್ಗಾವಣೆಯ ನೌಕರರ ಮಕ್ಕಳಿಗೆಂದು 1963ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯಾಲಯಗಳ ಏರ್ಪಾಡು ಇಂದಿಗೂ ನನ್ನ ಮೆಚ್ಚುಗೆಯನ್ನು ಪಡೆದಿದೆ. ಒಂದು ಊರಿನ ಏಳನೆಯ ತರಗತಿಯ ಪಾಠ ಇನ್ನೊಂದು ಊರಿನಲ್ಲೂ ಅದೇ. ಮಗು ಬೆಂಚನ್ನು ಬದಲಿಸುತ್ತದೆಯೇ ಹೊರತು ಪುಸ್ತಕವನ್ನಲ್ಲ. ಈಗ ಬರುತ್ತಿರುವವರು ಪುಣೆ, ಗುರುಗ್ರಾಮಗಳಿಂದ ಮಾತ್ರವಲ್ಲ, ಸಿಯೋಲ್, ಫ್ರಾಂಕ್‌ಫರ್ಟ್‌ಗಳಿಂದಲೂ ಬರುತ್ತಾರೆ. ಹತ್ತು ಹದಿನೈದು ವರ್ಷ ಕಡಲಾಚೆ ಇದ್ದು ಹಿಂತಿರುಗುವ ನಮ್ಮ ಕನ್ನಡಿಗರೂ ಈ ಗುಂಪಿನಲ್ಲಿದ್ದಾರೆ. ಇವರೆಲ್ಲರ ಕಣ್ಣು ಮೊದಲು ಬೀಳುವುದು ‘ಇಂಟರ್‌ನ್ಯಾಷನಲ್’ ಎಂಬ ಫಲಕದ ಮೇಲೆ.

ಈ ಪದದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಹೆಸರಿನಲ್ಲಿ ಆ ಪದವಿದ್ದ ಮಾತ್ರಕ್ಕೆ ಒಳಗಿನ ಪಾಠ ಅಂತರರಾಷ್ಟ್ರೀಯವಾಗುವುದಿಲ್ಲ. ಬೆಳ್ಳಿಯಪ್ಪನೆಂದು ಹೆಸರಿಟ್ಟವನ ಮನೆಯಲ್ಲಿ ಬೆಳ್ಳಿಯ ತಟ್ಟೆ ಇರಲೇಬೇಕೆಂದಿಲ್ಲ. ಈ ಬಗೆಯ ಶಾಲೆಯ ಮೂಲವನ್ನು ಹುಡುಕಿದರೆ ಜಿನೀವಾ ನಗರಕ್ಕೆ ಹೋಗಬೇಕಾಗುತ್ತದೆ. ಮೊದಲ ಮಹಾಯುದ್ಧದ ಅನಂತರ ರಾಷ್ಟ್ರಸಂಘದ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಧಿಕಾರಿಗಳು ಅಲ್ಲಿ ನೆಲಸಿದಾಗ, ಅವರ ಮಕ್ಕಳಿಗಾಗಿ 1924ರಲ್ಲಿ ಒಂದು ಶಾಲೆ ಆರಂಭವಾಯಿತು. ತಂದೆ ಮುಂದೆ ಯಾವ ದೇಶಕ್ಕೆ ಹೋಗುವನೋ ತಿಳಿಯದು. ಹೀಗಿರುವಾಗ ಮಗ ಯಾವ ದೇಶದ ಪರೀಕ್ಷೆಗೆ ಓದಬೇಕು? ಈ ಪ್ರಶ್ನೆಯೇ ಮಾಗಿ ಮಾಗಿ, 1968ರಲ್ಲಿ ಅದೇ ಊರಿನಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್, ಅಂದರೆ ಐ.ಬಿ., ಎಂಬ ಸಂಸ್ಥೆ ಸ್ಥಾಪನೆಯಾಯಿತು. ಇನ್ನೊಂದು ಧಾರೆ ಕೇಂಬ್ರಿಜ್‌ನದು. 1858ರಲ್ಲೇ ಶಾಲಾ ಪರೀಕ್ಷೆ ಆರಂಭಿಸಿದ ಆ ವಿಶ್ವವಿದ್ಯಾಲಯದ ಐ.ಜಿ.ಸಿ.ಎಸ್.ಇ. ಪರೀಕ್ಷೆ 1988ರಿಂದ ನಡೆಯುತ್ತಿದೆ. ನಮ್ಮಲ್ಲಿ ಐ.ಸಿ.ಎಸ್.ಇ. ನಡೆಸುವ ಮಂಡಳಿ 1958ರಲ್ಲಿ ಹುಟ್ಟಿದ್ದೂ ಕೇಂಬ್ರಿಜ್ ಪರೀಕ್ಷೆಯ ಜಾಗವನ್ನು ತುಂಬಲೆಂದೇ. ಹೆಸರುಗಳು ಒಂದನ್ನೊಂದು ಹೋಲುವುದರಿಂದ ತಾಯಿತಂದೆಯರು ಗೊಂದಲಕ್ಕೆ ಬೀಳುವುದು ಸಹಜ.

ಐ.ಬಿ. ಪಾಠ ಹೇಳಲು ಶಾಲೆಗೆ ಆ ಸಂಸ್ಥೆಯ ಮಾನ್ಯತೆ ಬೇಕು. ಈ ಮಾನ್ಯತೆ ಒಂದೊಂದು ಹಂತಕ್ಕೂ ಪ್ರತ್ಯೇಕ. ಪ್ರಾಥಮಿಕ ಹಂತಕ್ಕೆ ಮಾನ್ಯತೆ ಪಡೆದ ಶಾಲೆ, ಕೊನೆಯ ಎರಡು ವರ್ಷಗಳ ಡಿಪ್ಲೊಮಾಕ್ಕೂ ಪಡೆದಿರುತ್ತದೆ ಎಂದು ತಿಳಿಯಬಾರದು. ‘ಅಭ್ಯರ್ಥಿ ಶಾಲೆ’ ಎಂದರೆ ಮಾನ್ಯತೆಗಾಗಿ ಕಾಯುತ್ತಿರುವ ಶಾಲೆ. ಕಾಯುತ್ತಿರುವವನ ಬಳಿ ಮಗುವನ್ನೂ ಕಾಯಲು ಬಿಡುವುದು ಒಂಬತ್ತನೆಯ ತರಗತಿಯಲ್ಲಾದರೆ ಒಂದು ಮಾತು, ಹನ್ನೊಂದನೆಯದರಲ್ಲಿ ಬೇರೆಯೇ ಮಾತು.

ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದ ನನಗೆ ಈ ಡಿಪ್ಲೊಮಾದ ಬಗ್ಗೆ ಗೌರವವುಂಟು, ಅದನ್ನು ಬಚ್ಚಿಡಲಾರೆ. ಆರು ವಿಷಯಗಳು, ಒಂದೊಂದಕ್ಕೆ ಏಳು ಅಂಕ, ಉಳಿದ ಮೂರು ಅಂಕ ಜ್ಞಾನದ ಸ್ವರೂಪವನ್ನು ಕುರಿತ ಅಧ್ಯಯನಕ್ಕೂ ನಾಲ್ಕು ಸಾವಿರ ಪದಗಳವರೆಗಿನ ಒಂದು ಪ್ರಬಂಧಕ್ಕೂ ಸೇರಿ. ಒಟ್ಟು 45. ಸಾಹಿತ್ಯದ ಪತ್ರಿಕೆಯಲ್ಲಿ, ಹಿಂದೆಂದೂ ಕಾಣದ ಗದ್ಯವನ್ನೋ ಪದ್ಯವನ್ನೋ ಮುಂದಿಟ್ಟು ‘ವಿಮರ್ಶಿಸು’ ಎನ್ನುತ್ತಾರೆ. ನೋಟ್ಸ್ ಬಾಯಿಪಾಠ ಮಾಡಿ ಎಂ.ಎ. ಮುಗಿಸಿದವರನ್ನು ಎಷ್ಟೋ ಕಂಡಿದ್ದೇನೆ. ಹದಿನೇಳರ ಹುಡುಗಿಯೊಬ್ಬಳು ಹೊಸ ಕವಿತೆಯೊಂದರ ಎದುರು ತನ್ನ ಬುದ್ಧಿಯೊಂದನ್ನೇ ನಂಬಿ ಕೂರುವುದು ದೊಡ್ಡ ಶಿಕ್ಷಣ. ಆದರೆ ಗೌರವವೇ ಆಯ್ಕೆಗೆ ಸಾಕಾಗುವುದಿಲ್ಲ. ಮಗು ಮುಂದೆ ಎಲ್ಲಿ ಓದಬೇಕೆಂದಿದೆ?

ವೈದ್ಯಕೀಯವನ್ನೇ ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ಅದಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಮೇಲೆ ನೀಟ್ ಪರೀಕ್ಷೆ. ಐ.ಬಿ. ಡಿಪ್ಲೊಮಾದ ಸಾಮಾನ್ಯ ಚೌಕಟ್ಟಿನಲ್ಲಿ ಎರಡು ಭಾಷೆ, ಒಂದು ಸಮಾಜವಿಷಯ, ಗಣಿತ, ವಿಜ್ಞಾನ ಇವೆಲ್ಲ ಸೇರಲೇಬೇಕಾದ್ದರಿಂದ ಮೂರು ವಿಜ್ಞಾನಗಳಿಗೆ ಎಡೆ ಸಿಗುವುದಿಲ್ಲ. ಅದಕ್ಕೆ ವಿಶೇಷ ಅನುಮತಿ ಪಡೆಯಬೇಕು. ಇದನ್ನು ಹನ್ನೆರಡನೆಯ ತರಗತಿಯಲ್ಲಿ ತಿಳಿದು ಪ್ರಯೋಜನವೇನು? ಹಾಗೆಯೇ ಕರ್ನಾಟಕದ ಸಿ.ಇ.ಟಿ. ಮೂಲಕ ಸರ್ಕಾರಿ ಸೀಟು ಬಯಸುವವರಿಗೆ ಸಾಮಾನ್ಯವಾಗಿ ಅನ್ವಯವಾಗುವ ಒಂದು ನಿಯಮವಿದೆ: ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಈ ರಾಜ್ಯದಲ್ಲಿ ಓದಿರಬೇಕು, ಹತ್ತು ಅಥವಾ ಹನ್ನೆರಡನೆಯ ಪರೀಕ್ಷೆಯನ್ನು ಇಲ್ಲಿಯೇ ತೇರ್ಗಡೆಯಾಗಿರಬೇಕು. ಹೊರಗಿದ್ದ ಕನ್ನಡಿಗರ ಮಕ್ಕಳಿಗೂ ಸೈನಿಕರ ಮಕ್ಕಳಿಗೂ ಬೇರೆ ಕಲಮುಗಳಿವೆ. ಒಂಬತ್ತನೆಯ ತರಗತಿಗೆ ಬಂದು ಸೇರುವವರು ಈ ಲೆಕ್ಕವನ್ನು ಮನೆ ಬಾಡಿಗೆಯ ಲೆಕ್ಕಕ್ಕಿಂತ ಮೊದಲು ಹಾಕಬೇಕು.

ಕಾಲದ ಮಾತೂ ಒಂದಿದೆ. ಸಿ.ಬಿ.ಎಸ್.ಇ. ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ, ನಮ್ಮ ರಾಜ್ಯ ಪಠ್ಯದ ಶಾಲೆಗಳದು ಜೂನ್ ಹೊತ್ತಿಗೆ, ಅನೇಕ ಐ.ಬಿ. ಶಾಲೆಗಳದು ಆಗಸ್ಟ್‌ನಲ್ಲಿ, ಸಿಂಗಪುರದ ಸರ್ಕಾರಿ ಶಾಲೆಯದು ಜನವರಿಯಲ್ಲಿ. ಒಂಬತ್ತು ಹತ್ತು ಸೇರಿ ಒಂದು ಜೋಡಿ, ಹನ್ನೊಂದು ಹನ್ನೆರಡು ಸೇರಿ ಇನ್ನೊಂದು. ಜೋಡಿಯ ನಡುವೆ ಕೈಹಾಕಿ ಮಗುವನ್ನು ಎತ್ತಬಾರದು. ಒಂಬತ್ತರಲ್ಲೇ ಹೆಸರು ನೋಂದಾಯಿಸುವ ಮಂಡಳಿಗಳಲ್ಲಿ ಹತ್ತಕ್ಕೆ ನೇರವಾಗಿ ಸೇರಿಸಿಕೊಳ್ಳುವುದು ಅಪರೂಪ. ತಂದೆಯ ಬಡ್ತಿ ಆರು ತಿಂಗಳು ಕಾದರೆ ಅಥವಾ ತಾಯಿ-ಮಗು ಆರು ತಿಂಗಳು ಹಳೆಯ ಊರಿನಲ್ಲೇ ಉಳಿದರೆ ಎಷ್ಟೋ ಸಂಕಟ ತಪ್ಪುತ್ತದೆ.

ಇನ್ನು ದೂರ. ದೊಡ್ಡ ಅಂತರರಾಷ್ಟ್ರೀಯ ಶಾಲೆಗಳಿಗೆ ಎಕರೆಗಟ್ಟಲೆ ನೆಲ ಬೇಕಾದ್ದರಿಂದ ಅವು ಯಲಹಂಕದ ಆಚೆ, ಸರ್ಜಾಪುರದ ಕಡೆ, ವೈಟ್‌ಫೀಲ್ಡಿನ ಹೊರವಲಯದಲ್ಲಿ ನೆಲೆಯೂರಿವೆ. ನನ್ನ ತಂಗಿಯ ಮಗಳ ಸಂಸಾರ ಸಿಂಗಪುರದಿಂದ ಬಂದು ಮಲ್ಲೇಶ್ವರದಲ್ಲಿ ಮನೆ ಮಾಡಿತು; ಶಾಲೆ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಹದಿನಾಲ್ಕರ ಹುಡುಗಿ ಬೆಳಗ್ಗೆ ಆರೂಕಾಲಕ್ಕೆ ಬಸ್ಸು ಹತ್ತಿ ಸಂಜೆ ಐದೂವರೆಗೆ ಇಳಿಯುತ್ತಿದ್ದಳು. ಶಾಲೆಯ ಮೇಲೆ ಯಾವ ದೂರೂ ಇರಲಿಲ್ಲ, ಮೇಷ್ಟರುಗಳು ಒಳ್ಳೆಯವರು. ಆದರೆ ಗೆಳತಿಯರೆಲ್ಲ ಬಸ್ಸಿನ ದಾರಿಯುದ್ದಕ್ಕೂ ಚದುರಿಹೋಗಿದ್ದರು. ಭಾನುವಾರ ಕೂಡಿ ಸಂಪಿಗೆ ರಸ್ತೆಯಲ್ಲಿ ಸುತ್ತಲು ಒಬ್ಬಳೂ ಇಲ್ಲ. “ಸೋದರಜ್ಜಾ, ನಾನು ಈ ಊರಿನಲ್ಲಿ ಇರೋದು ಕಿಟಕಿಯಲ್ಲಿ ಮಾತ್ರ” ಎಂದಳು. ಮರುವರ್ಷ, ಮನೆಯಿಂದ ನಡೆದೇ ಹೋಗಬಹುದಾದ, ಅಷ್ಟೇನೂ ಹೆಸರಿಲ್ಲದ ಒಂದು ಐ.ಸಿ.ಎಸ್.ಇ. ಶಾಲೆಗೆ ಒಂಬತ್ತನೆಯ ತರಗತಿಗೆ ಸೇರಿದಳು. ಅಂಕಗಳು ಮೊದಲಿಗೆ ಇಳಿದವು. ಊಟ ಹೆಚ್ಚಿತು. ತಾಯಿ ಮೊದಲನೆಯದಕ್ಕೆ ಚಿಂತಿಸಿದಳು, ಅಜ್ಜಿ ಎರಡನೆಯದಕ್ಕೆ ಸಂತೋಷಪಟ್ಟಳು.

ಕನ್ನಡದ ಮಾತಿಗೆ ಬರುತ್ತೇನೆ. ಕನ್ನಡದ ಮೇಷ್ಟರಿಂದ ನೀವು ಇದನ್ನು ನಿರೀಕ್ಷಿಸಿಯೇ ಇದ್ದೀರಿ. ರಾಜ್ಯದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ 2017-18ರಿಂದ, ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಕನ್ನಡವನ್ನು ಕಡ್ಡಾಯ ಮಾಡುತ್ತ ಬಂದಿತು. ಇದರ ಮೇಲೆ ನ್ಯಾಯಾಲಯಗಳಲ್ಲಿ ವ್ಯಾಜ್ಯವೂ ನಡೆದಿದೆ. ಕಾಯ್ದೆಯ ಮಾತು ಹಾಗಿರಲಿ. ನನ್ನ ಚಿಂತೆ ಕಲಿಸುವ ರೀತಿಯದು. ಹದಿನಾಲ್ಕು ವರ್ಷದ ಹುಡುಗನ ಕೈಗೆ ಅರಸ, ಆಟ, ಆಮೆಗಳ ಚಿತ್ರಪುಸ್ತಕ ಕೊಟ್ಟರೆ ಅವನಿಗೆ ಅವಮಾನವಾಗುತ್ತದೆ. ಅವಮಾನದ ಜೊತೆ ಬಂದ ಭಾಷೆ ನಿಲ್ಲುವುದಿಲ್ಲ. ಅಂಥವನಿಗೆ ಮೊದಲು ಮಾತು, ಆಮೇಲೆ ಅಕ್ಷರ. ಆಟೋದವರೊಡನೆ ದಾರಿ ಹೇಳುವುದು, ಕ್ರಿಕೆಟ್ಟಿನ ಜಗಳ, ಅಂಗಡಿಯ ಚೌಕಾಸಿ ಇವುಗಳಿಂದ ಆರಂಭಿಸಿದ ಒಬ್ಬ ಪಂಡಿತರನ್ನು ನಾನು ಬಲ್ಲೆ. ಅವರ ಕೊರಿಯನ್ ವಿದ್ಯಾರ್ಥಿಯೊಬ್ಬ ವರ್ಷ ತುಂಬುವುದರೊಳಗೆ ಬಸ್ಸಿನ ಫಲಕಗಳನ್ನು ಗಟ್ಟಿಯಾಗಿ ಓದಿ ಕಂಡಕ್ಟರನನ್ನು ನಗಿಸುತ್ತಿದ್ದ. ಹಿಂತಿರುಗಿ ಬಂದ ಕನ್ನಡಿಗರ ಮಕ್ಕಳ ಸ್ಥಿತಿ ಇನ್ನೊಂದು ಬಗೆ: ಮಾತು ಬಾಯಲ್ಲಿದೆ, ಲಿಪಿ ಕಣ್ಣಿಗೆ ಅಪರಿಚಿತ. ಇವರನ್ನೂ ಕೊರಿಯಾದ ಹುಡುಗನನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ಶಾಲೆ ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಐ.ಬಿ.ಯಲ್ಲಿ, ಅಧ್ಯಾಪಕರಿಲ್ಲದ ಮಾತೃಭಾಷೆಯ ಸಾಹಿತ್ಯವನ್ನು ಶಾಲೆಯ ನೆರವಿನಿಂದ ಸ್ವತಃ ಓದುವ ಒಂದು ದಾರಿ ಉಂಟು. ಕನ್ನಡಕ್ಕೆ ಅದನ್ನು ಕೇಳಿಕೊಳ್ಳಲು ಸಿದ್ಧರಿದ್ದೀರಾ ಎಂದು ಶಾಲೆಯ ಸಂಯೋಜಕರನ್ನು ವಿಚಾರಿಸಿ. ಉತ್ತರಕ್ಕಿಂತ ಅವರ ಮುಖ ಹೆಚ್ಚು ಹೇಳುತ್ತದೆ.

ಶಾಲೆಗಳು ತೋರಿಸುವ ಈಜುಕೊಳವನ್ನು ನೋಡಿ, ಬೇಡವೆನ್ನುವುದಿಲ್ಲ. ಗ್ರಂಥಾಲಯಕ್ಕೆ ಹೋದಾಗ ಮಾತ್ರ ಪುಸ್ತಕಗಳ ಬೆನ್ನು ಸವೆದಿದೆಯೇ ಎಂದು ಗಮನಿಸಿ. ಶುಲ್ಕ ಲಕ್ಷಗಳಲ್ಲಿರುತ್ತದೆ, ಠೇವಣಿಯಲ್ಲಿ ಎಷ್ಟು ಹಿಂತಿರುಗುತ್ತದೆ, ವರ್ಷದ ನಡುವೆ ಮತ್ತೆ ವರ್ಗವಾದರೆ ಏನು ಗತಿ ಎಂಬುದನ್ನು ಬರೆವಣಿಗೆಯಲ್ಲಿ ಪಡೆಯಿರಿ. ಹಿಂದಿನ ವರ್ಷ ನಡುವೆ ಬಂದು ಸೇರಿದ ಒಬ್ಬ ವಿದ್ಯಾರ್ಥಿಯನ್ನು ನಿಮ್ಮ ಮಗುವಿನೊಡನೆ ಅರ್ಧ ಗಂಟೆ ಬಿಡುವಂತೆ ಕೇಳಿ, ದೊಡ್ಡವರು ಹೊರಗೆ ನಿಲ್ಲಿ. ಸಹಿ ಹಾಕುವ ಮುಂಚೆ ಒಂದು ಸೋಮವಾರ ಬೆಳಗ್ಗೆ, ಶಾಲೆಯ ಬಸ್ಸು ಹೋಗುವ ದಾರಿಯಲ್ಲೇ ಅದೇ ಹೊತ್ತಿಗೆ ಮಗುವಿನೊಡನೆ ಹೋಗಿ ಬನ್ನಿ.