ಟೂ ಬಿಟ್ಸ್ ಎಂದರೆ ಎಷ್ಟು?
ಅಮೆರಿಕದ ಹಳೆಯ ಕಥೆಗಳಲ್ಲಿ ‘ಟೂ ಬಿಟ್ಸ್’ ಎಂದು ಬಂದರೆ ಎರಡು ನಾಣ್ಯಗಳೆಂದು ಎಣಿಸಬೇಡಿ. ಅದು ಆಡುಮಾತಿನ ಕಾಲು ಡಾಲರ್, ಅಂದರೆ 25 ಸೆಂಟ್. ಹಾಗಾದರೆ ಒಂದು ಬಿಟ್‌ಗೆ ಹನ್ನೆರಡೂವರೆ ಸೆಂಟ್. ಅಷ್ಟು ಬೆಲೆಯ ನಾಣ್ಯವನ್ನು ಅಮೆರಿಕ ಟಂಕಿಸಿಯೇ ಇಲ್ಲ!

ಈ ಲೆಕ್ಕ ಸ್ಪೇನಿನ ಬೆಳ್ಳಿ ಡಾಲರಿನದು. ಅದರ ಬೆಲೆ ಎಂಟು ರಿಯಾಲ್. ಚಿಲ್ಲರೆ ಸಿಗದಾಗ ಜನ ನಾಣ್ಯವನ್ನೇ ಎಂಟು ತುಂಡಾಗಿ ಕತ್ತರಿಸುತ್ತಿದ್ದರು. ಒಂದು ತುಂಡೇ ಒಂದು ಬಿಟ್. 1857ರವರೆಗೆ ಈ ವಿದೇಶಿ ನಾಣ್ಯಕ್ಕೆ ಅಲ್ಲಿ ಕಾನೂನಿನ ಮಾನ್ಯತೆಯೂ ಇತ್ತು. ಆಮೇಲೆ ನಾಣ್ಯ ಹೋದರೂ ಮಾತು ಹೋಗಲಿಲ್ಲ. 1957ರಲ್ಲಿ ನಯಾ ಪೈಸೆ ಬಂದ ಮೇಲೂ ನಾವು 25 ಪೈಸೆಯನ್ನು ನಾಲ್ಕಾಣೆ ಎನ್ನುತ್ತಿರಲಿಲ್ಲವೇ?

ಆದರೆ ಎಚ್ಚರ: ಮನುಷ್ಯನನ್ನು ‘ಟೂ ಬಿಟ್’ ಎಂದರೆ ಕವಡೆ ಕಿಮ್ಮತ್ತಿಲ್ಲದವನೆಂದು ಬೈದಂತೆ.