ಆಸ್ಟ್ರೇಲಿಯಾದಲ್ಲಿ ಶಿಶುಪಾಲನಾ ಕೇಂದ್ರ ನಡೆಸಲು ಅನುಮೋದನೆ: ಅರ್ಜಿಯ ಹಂತಗಳು ಮತ್ತು ಶುಲ್ಕ

ಹದಿಮೂರು ವರ್ಷದೊಳಗಿನ ಮಕ್ಕಳ ಶಿಕ್ಷಣ ಮತ್ತು ಪಾಲನೆಯ ಸೇವೆಯನ್ನು ನಿಯತವಾಗಿ ನಡೆಸಲು ಆಸ್ಟ್ರೇಲಿಯಾದಲ್ಲಿ ಪೂರ್ವಾನುಮೋದನೆ ಕಡ್ಡಾಯವಾಗಿರುತ್ತದೆ. 2012ರ ಜನವರಿ 1ರಿಂದ ಜಾರಿಗೆ ಬಂದ ರಾಷ್ಟ್ರೀಯ ಗುಣಮಟ್ಟ ಚೌಕಟ್ಟಿನ ಅನ್ವಯ ಈ ಅನುಮೋದನೆಯನ್ನು ಆಯಾ ರಾಜ್ಯದ ನಿಯಂತ್ರಣ ಪ್ರಾಧಿಕಾರವು ನೀಡುತ್ತದೆ. ಅನುಮೋದನೆಯಿಲ್ಲದೆ ಕೇಂದ್ರವನ್ನು ನಡೆಸುವುದು ದಂಡನಾರ್ಹ ಅಪರಾಧವಾಗಿದೆ. ಒಂದು ಮನೆಗೆ ಹೋಗಿ ಆ ಮನೆಯ ಮಗುವನ್ನು ನೋಡಿಕೊಳ್ಳುವ ಖಾಸಗಿ ಏರ್ಪಾಡಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಅನುಮೋದನೆಯು ಒಂದೇ ಅರ್ಜಿಯಿಂದ ದೊರೆಯುವಂಥದಲ್ಲ. ನಡೆಸುವವರಿಗೆ ಒಂದು, ನಡೆಸುವ ಕೇಂದ್ರಕ್ಕೆ ಮತ್ತೊಂದು ಅನುಮೋದನೆ ಬೇಕು. ಇವೆರಡಕ್ಕೂ ಪ್ರತ್ಯೇಕ ಶುಲ್ಕ ಮತ್ತು ಪ್ರತ್ಯೇಕ ಕಾಲಾವಧಿಗಳಿವೆ. ಈ ವ್ಯತ್ಯಾಸವನ್ನು ಅರಿಯದೆ ಕಟ್ಟಡದ ಬಾಡಿಗೆ ಕರಾರಿಗೆ ಮೊದಲೇ ಸಹಿ ಮಾಡಿದವರು, ಕೇಂದ್ರ ತೆರೆಯದೆಯೇ ಹಲವು ತಿಂಗಳು ಬಾಡಿಗೆ ತೆರಬೇಕಾದೀತು.

ಮೊದಲ ಹಂತ: ನಿರ್ವಾಹಕರ ಅನುಮೋದನೆ

‘ಪ್ರೊವೈಡರ್ ಅಪ್ರೂವಲ್’ ಎಂದು ಕರೆಯಲಾಗುವ ಈ ಅನುಮೋದನೆಗೆ ವ್ಯಕ್ತಿಗಳು, ಕಂಪನಿಗಳು ಹಾಗೂ ಸಂಘ-ಸಂಸ್ಥೆಗಳು ಅರ್ಜಿ ಸಲ್ಲಿಸಬಹುದು. ಸಂಸ್ಥೆಯ ಆಡಳಿತದ ಹೊಣೆ ಹೊತ್ತಿರುವ ಪ್ರತಿಯೊಬ್ಬರೂ ಯೋಗ್ಯರು ಹಾಗೂ ಅರ್ಹರು ಎಂಬುದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಇದಕ್ಕಾಗಿ ಅಪರಾಧ ಹಿನ್ನೆಲೆ, ಆರ್ಥಿಕ ಸ್ಥಿತಿ ಹಾಗೂ ಈ ಹಿಂದೆ ಶಿಶುಪಾಲನಾ ಸೇವೆ ನಡೆಸಿದ್ದಲ್ಲಿ ಅದರ ದಾಖಲೆಯನ್ನು ಪರಿಶೀಲಿಸಲಾಗುತ್ತದೆ. ಪ್ರಾಧಿಕಾರವು 60 ದಿನಗಳೊಳಗೆ ತೀರ್ಮಾನಿಸುತ್ತದೆ.

ಎರಡನೆಯ ಹಂತ: ಸೇವಾ ಅನುಮೋದನೆ

‘ಸರ್ವಿಸ್ ಅಪ್ರೂವಲ್’ ಎಂಬ ಈ ಅನುಮೋದನೆಯನ್ನು ಪ್ರತಿ ಕೇಂದ್ರಕ್ಕೂ ಪ್ರತ್ಯೇಕವಾಗಿ ಪಡೆಯಬೇಕು. ತೀರ್ಮಾನದ ಅವಧಿ 90 ದಿನಗಳು. ಅರ್ಜಿದಾರರು ಮುಖ್ಯವಾಗಿ ಈ ಕೆಳಕಂಡ ಅಂಶಗಳನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು:

1. ಕಟ್ಟಡದ ನಕ್ಷೆ, ಆ ಸ್ಥಳವನ್ನು ಬಳಸುವ ಹಕ್ಕಿನ ದಾಖಲೆ, ಯೋಜನಾ ಅನುಮತಿ ಹಾಗೂ ನಿವೇಶನದ ಮಣ್ಣಿನ ಪರೀಕ್ಷೆಗೆ ಸಂಬಂಧಿಸಿದ ದಾಖಲೆ.
2. ಪ್ರತಿ ಮಗುವಿಗೆ ಒಳಾಂಗಣದಲ್ಲಿ 3.25 ಚದರ ಮೀಟರ್ ಹಾಗೂ ಹೊರಾಂಗಣದಲ್ಲಿ 7 ಚದರ ಮೀಟರ್ ತೆರವಾದ ಸ್ಥಳ.
3. ಮಕ್ಕಳ ಸಂಖ್ಯೆಗೆ ತಕ್ಕಷ್ಟು ಅರ್ಹ ಸಿಬ್ಬಂದಿ ಹಾಗೂ ಒಬ್ಬ ನಾಮನಿರ್ದೇಶಿತ ಮೇಲ್ವಿಚಾರಕರು.
4. ಕನಿಷ್ಠ 1 ಕೋಟಿ ಡಾಲರ್ ಮೊತ್ತದ ಸಾರ್ವಜನಿಕ ಹೊಣೆಗಾರಿಕೆ ವಿಮೆ.

ಸ್ಥಳದ ಲೆಕ್ಕದಲ್ಲಿ ಓಡಾಡುವ ದಾರಿ, ಶೌಚಾಲಯ, ಡಯಾಪರ್ ಬದಲಿಸುವ ಜಾಗ ಹಾಗೂ ಉಗ್ರಾಣಗಳು ಸೇರುವುದಿಲ್ಲ. ಉದಾಹರಣೆಗೆ, ಇವನ್ನೆಲ್ಲ ಕಳೆದು ಒಳಗೆ 65 ಚದರ ಮೀಟರ್ ಉಳಿದಲ್ಲಿ 20 ಮಕ್ಕಳಿಗೆ ಮಾತ್ರ ಅವಕಾಶ. ಅಷ್ಟು ಮಕ್ಕಳಿಗೆ ಹೊರಗೆ 140 ಚದರ ಮೀಟರ್ ಇರಬೇಕು. ಸಿಬ್ಬಂದಿಯ ವಿಷಯದಲ್ಲಿ, ಎರಡು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ಮೂರು ವರ್ಷ ದಾಟಿ ಇನ್ನೂ ಶಾಲೆಗೆ ಸೇರದ ಮಕ್ಕಳಾದಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಹತ್ತು ಮಕ್ಕಳಿಗೆ, ವಿಕ್ಟೋರಿಯಾದಲ್ಲಿ ಹನ್ನೊಂದು ಮಕ್ಕಳಿಗೆ ಒಬ್ಬರು. ಕಟ್ಟಡವನ್ನು ಆಯ್ದುಕೊಳ್ಳುವ ಮುನ್ನವೇ ಈ ಲೆಕ್ಕ ಹಾಕುವುದು ಸೂಕ್ತ.

ಭಾರತದಲ್ಲಿ ಪಡೆದ ಶಿಕ್ಷಕ ತರಬೇತಿ ಅಥವಾ ಮಾಂಟೆಸ್ಸರಿ ಡಿಪ್ಲೊಮಾ ತಾನಾಗಿಯೇ ಮಾನ್ಯವಾಗುವುದಿಲ್ಲ. ಅಸೆಕ್ವಾ ಎಂಬ ರಾಷ್ಟ್ರೀಯ ಪ್ರಾಧಿಕಾರದಿಂದ ಅದರ ಮೌಲ್ಯಮಾಪನ ಮಾಡಿಸಬೇಕು. ಇದಕ್ಕೂ ಸಮಯ ಹಿಡಿಯುವುದರಿಂದ ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಒಳಿತು.

ಶುಲ್ಕಗಳು

* ನಿರ್ವಾಹಕರ ಅನುಮೋದನೆಯ ಅರ್ಜಿ ಶುಲ್ಕ: ಅರ್ಜಿಯೊಂದಿಗೆ ಪಾವತಿಸಬೇಕು.
* ಸೇವಾ ಅನುಮೋದನೆಯ ಅರ್ಜಿ ಶುಲ್ಕ: ಕೇಂದ್ರದ ಗಾತ್ರವನ್ನು ಅವಲಂಬಿಸಿದೆ. 24 ಮಕ್ಕಳವರೆಗೆ, 25ರಿಂದ 80 ಮಕ್ಕಳವರೆಗೆ ಹಾಗೂ 81 ಮತ್ತು ಅದಕ್ಕೂ ಹೆಚ್ಚು ಎಂಬ ಮೂರು ವರ್ಗಗಳಿವೆ.
* ವಾರ್ಷಿಕ ಶುಲ್ಕ: ಪ್ರತಿ ವರ್ಷ ಜುಲೈ 1ರೊಳಗೆ, ಪ್ರತಿ ಕೇಂದ್ರಕ್ಕೂ ಗಾತ್ರಾನುಸಾರ.

ಶುಲ್ಕದ ದರಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಲಾಗುವುದರಿಂದ ಪಾವತಿಗೆ ಮೊದಲು ಅಸೆಕ್ವಾ ಪ್ರಕಟಿಸುವ ಚಾಲ್ತಿ ದರಪಟ್ಟಿಯನ್ನು ನೋಡತಕ್ಕದ್ದು. ಅರ್ಜಿ ಸಲ್ಲಿಕೆ ಮತ್ತು ಶುಲ್ಕ ಪಾವತಿಯನ್ನು ರಾಷ್ಟ್ರೀಯ ಆನ್‌ಲೈನ್ ವ್ಯವಸ್ಥೆಯ ಮೂಲಕ ಮಾಡಬಹುದು.

ಗಮನಿಸಬೇಕಾದ ಕಾಲಮಿತಿಗಳು

ಪ್ರಾಧಿಕಾರವು ಹೆಚ್ಚಿನ ಮಾಹಿತಿ ಕೇಳಿದಲ್ಲಿ, ಅದನ್ನು ಒದಗಿಸಲು ಅರ್ಜಿದಾರರು ತೆಗೆದುಕೊಳ್ಳುವ ದಿನಗಳು 60 ಅಥವಾ 90 ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ. ಅಪೂರ್ಣ ಅರ್ಜಿಯಿಂದ ಆಗುವ ವಿಳಂಬದ ಭಾರ ಅರ್ಜಿದಾರರ ಮೇಲೆಯೇ ಬೀಳುತ್ತದೆ. ಅವಧಿ ಮುಗಿದರೂ ತೀರ್ಮಾನ ಹೊರಬೀಳದಿದ್ದಲ್ಲಿ ಅನುಮೋದನೆ ದೊರೆತಂತೆ ಭಾವಿಸಬಾರದು. ಕಾನೂನಿನ ಪ್ರಕಾರ ಅದು ನಿರಾಕರಣೆ ಎಂದೇ ಪರಿಗಣಿತವಾಗುತ್ತದೆ. ಅನುಮೋದನೆ ದೊರೆತ ನಂತರ ಆರು ತಿಂಗಳೊಳಗೆ ಕೇಂದ್ರವನ್ನು ಆರಂಭಿಸತಕ್ಕದ್ದು, ಇಲ್ಲವೇ ಅವಧಿ ವಿಸ್ತರಣೆಗೆ ಒಪ್ಪಿಗೆ ಪಡೆಯತಕ್ಕದ್ದು. ಮೂರು ತಿಂಗಳೊಳಗೆ ಗುಣಮಟ್ಟ ಸುಧಾರಣಾ ಯೋಜನೆಯೂ ಸಿದ್ಧವಾಗಿರಬೇಕು.

ಪೋಷಕರ ಸಹಾಯಧನ

ಮೇಲಿನ ಎರಡೂ ಅನುಮೋದನೆಗಳು ದೊರೆತ ಮಾತ್ರಕ್ಕೆ ಪೋಷಕರಿಗೆ ಕೇಂದ್ರ ಸರ್ಕಾರದ ಶಿಶುಪಾಲನಾ ಸಹಾಯಧನ ದೊರೆಯುವುದಿಲ್ಲ. 2018ರ ಜುಲೈನಲ್ಲಿ ಆರಂಭವಾದ ಈ ಸಹಾಯಧನಕ್ಕೆ ಕೇಂದ್ರವು ಬೇರೊಂದು ಕಾನೂನಿನಡಿ ಪ್ರತ್ಯೇಕ ಅನುಮೋದನೆ ಪಡೆಯಬೇಕು. ಅದು ದೊರೆಯುವ ಮುನ್ನ ಮಕ್ಕಳನ್ನು ಸೇರಿಸಿಕೊಂಡಲ್ಲಿ ಪೂರ್ಣ ಶುಲ್ಕವನ್ನು ಪೋಷಕರೇ ಭರಿಸಬೇಕಾದೀತು. ಪ್ರವೇಶ ನೀಡುವಾಗ ಈ ವಿಷಯವನ್ನು ಅವರಿಗೆ ಸ್ಪಷ್ಟವಾಗಿ ತಿಳಿಸುವುದು ಅಗತ್ಯ.

ಸೂಚನೆ: ತಮ್ಮ ಮನೆಯಲ್ಲಿಯೇ ಕೆಲವು ಮಕ್ಕಳನ್ನು ನೋಡಿಕೊಳ್ಳಲು ಇಚ್ಛಿಸುವವರು, ಈಗಾಗಲೇ ಅನುಮೋದನೆ ಪಡೆದಿರುವ ಫ್ಯಾಮಿಲಿ ಡೇ ಕೇರ್ ಸೇವೆಯೊಂದರಲ್ಲಿ ಶಿಕ್ಷಕರಾಗಿ ನೋಂದಾಯಿಸಿಕೊಳ್ಳಬಹುದು. ಅಂಥವರು ಸ್ವಂತ ಹೆಸರಿನಲ್ಲಿ ಸೇವಾ ಅನುಮೋದನೆ ಪಡೆಯುವ ಅಗತ್ಯವಿರುವುದಿಲ್ಲ.